ಮಾರ್ಲಿಸಳ ಸಮಾಧಿಗೆ ಎರಡು ಹೆಸರು

ಮೈನಾಟ್, ನಾರ್ತ್ ಡಕೋಟ
ಮಾರ್ಚ್ 9, 2022

ಮಾನ್ಯ ಶ್ರೀಮತಿ ಕ್ಯಾರಸ್ ಅವರಿಗೆ,

ನಿಮ್ಮೂರ ಸ್ಮಶಾನದಲ್ಲಿ ನಲವತ್ತೆರಡು ವರ್ಷಗಳಿಂದ ನೀವು ನೋಡಿಕೊಂಡು ಬಂದ ಹೆಸರಿಲ್ಲದ ಸಮಾಧಿಯ ಹುಡುಗಿ ನನ್ನ ಅಕ್ಕ ಮಾರ್ಲಿಸ್.

ನಿಮ್ಮ ಕಡೆಯ ಪೊಲೀಸ್ ಅಧಿಕಾರಿಣಿ ಫೋನ್ ಮಾಡಿ, "ನಿಮಗೊಬ್ಬ ಅಕ್ಕ ಇದ್ರಾ?" ಎಂದು ಕೇಳಿದರು.

"ಇದ್ದಾಳೆ. ಮನೆ ಬಿಟ್ಟು ಹೋದೋಳು ಒಂದು ಕಾಗದ ಹಾಕ್ಲಿಲ್ಲ, ಅಷ್ಟು ಸೊಕ್ಕು," ಎಂದೆ. ಆಗ ಆಕೆ ನಿಮ್ಮೂರ ಸಮಾಧಿಯ ವಿಷಯ ಹೇಳಿದರು.

ನಾನು ಕಂಡೇ ಇರದ ದೂರದ ಸಂಬಂಧಿಯೊಬ್ಬಳು ತನ್ನ ವಂಶ ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಿದ್ದಳಂತೆ. ಅದು ಸಮಾಧಿಯ ಮೂಳೆಗಳ ಡಿಎನ್‌ಎಗೆ ಅಲ್ಪಸ್ವಲ್ಪ ತಾಳೆಯಾಗಿತ್ತು. ಅಲ್ಲಿಂದ ವಂಶವೃಕ್ಷ ಹಿಡಿದು ನನ್ನವರೆಗೆ ಬಂದಿದ್ದರು. ನಾನೂ ಪರೀಕ್ಷೆಗೆ ಜೊಲ್ಲು ಕೊಟ್ಟೆ. ಒಡಹುಟ್ಟಿದವರೆಂದು ಖಚಿತವಾಯಿತು.

ಮನೆ ಬಿಟ್ಟ ಎರಡು ವಾರದಲ್ಲೇ ಅವಳನ್ನು ಯಾರೋ ಕೊಂದಿದ್ದರು. ಅಮ್ಮ ಸಾಯುವ ದಿನವೂ, "ಅವಳು ಬಂದ್ರೆ ಒಳಗೆ ಸೇರಿಸ್ಬೇಡ," ಅಂದಿದ್ದಳು. ನಾನು ಸರಿ ಅಂದಿದ್ದೆ. ಈಗ ನಿಜ ಸಂಗತಿ ಹೇಳೋಣವೆಂದರೆ ಮನೆಯವರು ಯಾರೂ ಉಳಿದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅವಳನ್ನು ಇಲ್ಲಿಗೆ ತರಿಸಿಕೊಳ್ಳುತ್ತೀರಾ ಎಂದು ಪೊಲೀಸ್ ಕಚೇರಿಯವರು ಕೇಳಿದರು. ಬೇಡ ಎಂದಿದ್ದೇನೆ. ನನ್ನ ನಂತರ ಇಲ್ಲಿ ಅವಳ ಮೇಲಿನ ಕಳೆ ಕೀಳುವವರಿಲ್ಲ.

ದಯವಿಟ್ಟು ಕಲ್ಲಿನ ಮೇಲೆ ಮಾರ್ಲಿಸ್ ಹೌಗ್ಲಂಡ್ ಎಂದು ಕೆತ್ತಿಸಿ. ನೀವು ಅವಳನ್ನು ರೋಸಲಿ ಎಂದು ಕರೆಯುತ್ತಿದ್ದಿರಂತೆ. ಅದನ್ನೂ ಕೆಳಗೆ ಕೆತ್ತಿಸಿ. ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದೆವು. ಇಷ್ಟು ವರ್ಷ ಅವಳನ್ನು ಹೆಸರಿಟ್ಟು ಕರೆದವರು ನೀವೊಬ್ಬರೇ.

ಇಂತಿ,
ಮಾರ್ಲಿಸಳ ತಮ್ಮ
ಆರಿನ್ ಹೌಗ್ಲಂಡ್