ಗುಡ್ಡವ್ವಾಯಿ ಒಯ್ದ ಈಳಿಗೆ

ಗೋಕಾಕ, ಜನವರಿ ೧೯, ಸೋಮವಾರ

ಕಾಯ್ದೆ ಮತ್ತೆ ಬದಲಾಗಿದೆ. ಕೆಲಸದವರಿಗೆಲ್ಲ ನೇಮಕಾತಿ ಪತ್ರ ಕೊಡಲೇಬೇಕೆಂದು ಲೆಕ್ಕ ನೋಡುವ ಅಜಿತ ಹೇಳಿದ. ಅತ್ತೆಯ ಕಾಲದಿಂದ ನಮ್ಮ ಕರದಂಟಿನ ಅಂಗಡಿಯಲ್ಲಿ ಕೊಬ್ಬರಿ ಹೆಚ್ಚುವ ಗುಡ್ಡವ್ವಾಯಿಗೇ ಮೊದಲು ಕೊಡಲು ಹೋದೆ. ಆಕೆ ಅದನ್ನು ಮುಟ್ಟಲೂ ಇಲ್ಲ.

"ನನ್ನ ಗಂಡಗ ಮಿಲ್ಲಿನವರು ಹಿಂಗ ಕಾಗದ ಕೊಟ್ಟಿದ್ರು. ಮರುದಿನ ಒಳಗ ಬಿಡಲಿಲ್ಲ. ನಾ ಏನ್ ತಪ್ಪು ಮಾಡೇನಿ ಯವ್ವಾ?"

"ಇದು ಬಿಡಿಸೂ ಕಾಗದ ಅಲ್ಲ ಆಯಿ. ಕೆಲಸಕ್ಕ ಇಟ್ಕೊಳ್ಳೂದು."

"ಮತ್ತ ಇಷ್ಟು ವರ್ಷ ಇಟ್ಕೊಂಡಿದ್ದಿಲ್ಲೇನ?"

ಕೊಡದಿದ್ದರೆ ಸರಕಾರಕ್ಕೆ ತಪ್ಪಿತಸ್ಥೆ, ಕೊಟ್ಟರೆ ಆಯಿಗೆ.

ಸಂಜೆ ತನ್ನ ಈಳಿಗೆಯನ್ನು ಅರಿವೆಯಲ್ಲಿ ಸುತ್ತಿ ಒಯ್ದಳು. ನಿನ್ನೆ ಅಮಾವಾಸ್ಯೆಯ ರಜೆಗೂ ಅದನ್ನು ಇಲ್ಲೇ ಬಿಟ್ಟು ಹೋಗಿದ್ದಳು. ನಾಳೆ ಉಳಿದವರಿಗೆ ಪತ್ರ ಕೊಡಬೇಕು. ಎಲ್ಲರೂ ಈಳಿಗೆ ಇದ್ದ ಆ ಖಾಲಿ ಜಾಗವನ್ನೇ ನೋಡುತ್ತಾರೆ.