ಅಣ್ಣ ಇಳಿದದ್ದರ ಚಿತ್ರ

ಅಪ್ಪಾ,

ನೀನಿದ್ದಾಗ ಕುರಿ ಮೇಯಿಸುತ್ತಿದ್ದ ನನ್ನಿವಾಳದ ಹುಲ್ಲುಗಾವಲಿನಲ್ಲಿ ಇವತ್ತು, ಕುರಿ-ದನ ಒಳಗೆ ಬಾರದಂತೆ ಸುತ್ತಲೂ ಕಟ್ಟುವ ಗೋಡೆಗೆ ಪಾಯ ತೋಡಲು ಜೆಸಿಬಿ ಬಂತು. ಕಾಲೇಜಿನ ಪತ್ರಿಕೆಗೆ ಫೋಟೋ ತೆಗೆಯಲು ನಾನೂ ಹೋಗಿದ್ದೆ. ಇವತ್ತಿಗೂ ಅಲ್ಲೇ ಕುರಿ ಮೇಯಿಸುವ ಸೂರಮ್ಮಜ್ಜಿ ಜೆಸಿಬಿಯ ಮುಂದೆಯೇ ಕುಳಿತುಬಿಟ್ಟಳು. ಕ್ಯಾಮೆರಾ ಎತ್ತಿ ನೋಡಿದರೆ, ಜೆಸಿಬಿಯ ಗಾಜಿನ ಹಿಂದೆ, ಡ್ರೈವರ್ ಸೀಟಿನಲ್ಲಿ, ನಮ್ಮ ಚಿರಂಜೀವಿ ಅಣ್ಣ. ಕೆಲಸ ಸಿಕ್ಕಿದೆ ಎಂದಿದ್ದನೇ ಹೊರತು ಎಂಥದೆಂದು ಹೇಳಿರಲಿಲ್ಲ.

“ತೆಗೀಬೇಡ ರಶ್ಮಿ! ಊರಾಗೆ ತಲೆ ಎತ್ತಂಗಿರಲ್ಲ.”

“ಹಂಗಾದ್ರೆ ಇಳಿಯಣ್ಣ!”

“ನಡೀಲೇ ಮುಂದೆ,” ಎಂದು ಮೇಸ್ತ್ರಿ ಗದರಿದ. ಜೆಸಿಬಿ ಅಲುಗಿತು. ಅಜ್ಜಿ ಅಲುಗಲಿಲ್ಲ. ನಾನು ಕ್ಲಿಕ್ಕಿಸಿದೆ.

ಆಮೇಲೆ ಅಣ್ಣ ಎಂಜಿನ್ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಇಳಿದು ಹೋದ. ಅವನು ಇಳಿದದ್ದರ ಚಿತ್ರ ನನ್ನಲ್ಲಿಲ್ಲ. ಪತ್ರಿಕೆಗೆ ಕಳಿಸಿದ್ದು ಇಳಿಯುವ ಮೊದಲಿನದನ್ನೇ. ಅದರಲ್ಲಿ ಅವನ ಮುಖ ಸ್ಪಷ್ಟವಾಗಿದೆ.

ಅವ್ವ ಅವನ ಪಾಲಿನ ಮುದ್ದೆ ಮುಚ್ಚಿಟ್ಟು ಬಾಗಿಲು ನೋಡುತ್ತಿದ್ದಾಳೆ.