ಗಟ್ಟಿ ಎಂದ ತಿರುವು

ಕಪ್ಪತಗುಡ್ಡದ ಬುಡ
ಕ್ರಿ.ಶ. ೨೩೪೧, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ, ಸಂಜೆ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ಫಕೀರವ್ವನ ಶರಣು.

ಹದಿಮೂರನೆಯ ತಿಂಗಳು ಎಂದು ಓದಿ ಮುದುಕಿಗೆ ಅರಳುಮರಳು ಎನ್ನಬೇಡಿ. ಮಳೆ ಹಿಂದೆ ಹಿಂದೆ ಸರಿದಂತೆ ನಾವು ವರ್ಷಕ್ಕೆ ‘ಕಾಯುವ ತಿಂಗಳು’ ಎಂದು ಒಂದನ್ನು ಸೇರಿಸಿಕೊಂಡೆವು. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಅನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಈ ಊರಿನ ಕಿವಿಗಾರ್ತಿ. ಚಿನ್ನಕ್ಕಾಗಿ ನಿಮ್ಮ ಮುತ್ತಜ್ಜಂದಿರ ಕಾಲದವರು ತೋಡಿದ ಗುಂಡಿಗಳು ಗುಡ್ಡದ ಹೊಟ್ಟೆಯಲ್ಲಿ ಇನ್ನೂ ಇವೆ. ಕೆಲವಕ್ಕೆ ನಿಮ್ಮವರು ಮಣ್ಣು ತುಂಬಿ ಮೇಲೆ ಡಾಂಬರು ಹಾಕಿದರು. ಮಣ್ಣು ಒಳಗೊಳಗೇ ಜಾರಿದೆ, ರಸ್ತೆ ಮಾತ್ರ ಮೇಲೆ ಉಳಿದಿದೆ. ಎಲ್ಲೆಲ್ಲಿ ಎಂದು ಯಾರೂ ಬರೆದಿಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ; ಇಲ್ಲಿ ಮಾಡಿದವರು ನೀವು, ಉಣ್ಣುವವರು ನಾವು. ಹಾರೆಯಿಂದ ರಸ್ತೆ ಬಡಿದು, ದನಿ ಕೇಳಿ, ‘ಗಟ್ಟಿ’ ಇಲ್ಲವೇ ‘ಪೊಳ್ಳು’ ಎಂದು ಹೇಳುವುದು ನನ್ನ ಕೆಲಸ. ಪೊಳ್ಳೆಂದ ಕಡೆ ಸುಣ್ಣದ ಗೆರೆ ಎಳೆಯುತ್ತೇವೆ, ಗಾಡಿ ಸುತ್ತಿ ಹೋಗುತ್ತದೆ.

ಮೊದಲ ಮಳೆ ಬಿದ್ದ ವಾರ ನಮಗೆ ಗುಡ್ಡದ ಸವಾರಿ. ಊರಿನ ಮೂವತ್ತು ಜನ ಬಿಸಿಲುಗಾಡಿ ಹತ್ತುತ್ತಾರೆ. ಬಿಸಿಲನ್ನೇ ಕುಡಿದು ಓಡುವ ಬಸ್ಸು ಅದು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕೆಂಪು ಗುಡ್ಡಕ್ಕೆ ಹಸಿರು ಹತ್ತಿದ್ದನ್ನೂ, ನೀವು ನೆಟ್ಟ ಗಾಳಿಕಂಬಗಳು ರೆಕ್ಕೆಯಿಲ್ಲದೆ ನಿಂತಿದ್ದನ್ನೂ ನೋಡುತ್ತ ತಿರುವಿನಿಂದ ತಿರುವಿಗೆ ಏರುತ್ತಾರೆ. ವರ್ಷವಿಡೀ ತಗಡಿನ ಸೂರಿನಡಿ ಬೇಯುವವರಿಗೆ ಅದೊಂದೇ ದಿನ ಕಣ್ಣಿಗೆ ತಂಪು. ಗಾಡಿ ನಡೆಸುವವಳು ನನ್ನ ಮಗಳು ರುದ್ರವ್ವ. ನಾಳೆ ಬೆಳಿಗ್ಗೆ ಸವಾರಿ.

ನನಗೆ ಕಿವಿ ಕೇಳಿಸುವುದಿಲ್ಲ. ಯುಗಾದಿಯಿಂದೀಚೆಗೆ ಎರಡೂ ಹೋಗಿವೆ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತೇನೆ, ಯಾರಿಗೂ ಗೊತ್ತಿಲ್ಲ. ಊರಿಗೆ ಇರುವ ಕಿವಿ ಇದೊಂದೇ. ಇದೂ ಹೋಗಿದೆ ಎಂದು ತಿಳಿದರೆ ರಸ್ತೆ ಮುಚ್ಚುತ್ತಾರೆ, ರುದ್ರವ್ವನ ಗಾಡಿ ಮೂಲೆ ಸೇರುತ್ತದೆ.

ಇವತ್ತು ಏಳನೆಯ ತಿರುವಿನಲ್ಲಿ ಮೂರು ಸಲ ಬಡಿದೆ. ಅಂಗೈಗೆ ಹಾರೆಯ ನಡುಕ ಬಂತು, ಅಷ್ಟೇ. ಅಲ್ಲಿ ನಿಮ್ಮ ಕಾಲದ, ಕಲ್ಲಿನಲ್ಲಿ ಕೊರೆದ ಬೋರ್ಡು ಇದೆ: ‘ವಾಹನ ನಿಲ್ಲಿಸಿ, ನೋಟ ಸವಿಯಿರಿ.’ ಜನರನ್ನು ಕರೆದು ನಿಲ್ಲಿಸಿದ ಜಾಗ ಪೊಳ್ಳಿರಲಾರದು ಎಂದುಕೊಂಡೆ. ಜೊತೆಗೆ ಬಂದವರೆಲ್ಲ, ರುದ್ರವ್ವ ಕೂಡ, ನನ್ನ ಮುಖವನ್ನೇ ನೋಡುತ್ತಿದ್ದರು. ‘ಗಟ್ಟಿ’ ಎಂದುಬಿಟ್ಟೆ.

ಊಟಕ್ಕೆ ಕೂತಾಗ ರುದ್ರವ್ವ ನಗುತ್ತ ಅಂದಳು: “ಯವ್ವಾ, ಏಳನೇ ತಿರುವಿನ್ಯಾಗ ನೀ ಬಡದಾಗ ನನಗ ಡೊಳ್ಳು ಬಡದಂಗ ಕೇಳಿಸ್ತು. ನೀ ಗಟ್ಟಿ ಅಂದಿ ಅಂದಮ್ಯಾಲ ಗಟ್ಟಿನ ಬಿಡು. ನನ್ನ ಕಿವಿ ಏನ್ ಕಿವಿ!”

ಮುರಿದ ರೊಟ್ಟಿಯನ್ನು ತಟ್ಟೆಗೇ ಹಿಂದಿಟ್ಟೆ. ತನ್ನ ಕಿವಿಯಾರೆ ಕೇಳಿದ್ದನ್ನು ನನ್ನ ಮಾತಿಗಾಗಿ ಬಿಟ್ಟುಕೊಟ್ಟಳಲ್ಲ, ಅದಕ್ಕೇ ನನಗೆ ಹೆಚ್ಚು ಭಯ.

ಆದ್ದರಿಂದ ನಿಮಗೆ ಕೈಮುಗಿದು ಬರೆಯುತ್ತಿದ್ದೇನೆ. ಆ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಇಲ್ಲಿ ಗುಂಡಿ ಇದೆ. ಅದನ್ನೂ ಕಲ್ಲಿನಲ್ಲೇ ಕೊರೆಯಿರಿ, ಬಣ್ಣ ಉಳಿಯುವುದಿಲ್ಲ. ನೀವು ಬರೆದಿದ್ದರೆ ನಾನು ಬಾಯಿ ಬಿಡಬೇಕಾಗಿಯೇ ಇರಲಿಲ್ಲ.

ಇದು ಹೇಡಿಯ ಬೇಡಿಕೆ ಎಂದು ನನಗೂ ಗೊತ್ತು. ಸತ್ತವರಿಂದ ಸತ್ಯ ಹೇಳಿಸಲು ಹೊರಟಿದ್ದೇನೆ. ಹೊರಗೆ ರುದ್ರವ್ವ ಗಾಡಿಯ ಗಾಜು ಒರೆಸುತ್ತಿದ್ದಾಳೆ, ಬೆನ್ನು ಈ ಕಡೆಗಿದೆ. ಕಾಗದ ಇಲ್ಲಿಗೇ ಬಿಟ್ಟು ಏಳುತ್ತೇನೆ. ಬೆನ್ನಿಗೇ ಹೇಳಿಬಿಡಬಹುದಿತ್ತು. ಆದರೆ ಅವಳ ಉತ್ತರ ನನಗೆ ತಿಳಿಯಬೇಕಾದರೆ ಮುಖ ನೋಡಲೇಬೇಕು.